ಕೆರಿಯಪ್ಪನಿಗೆ ಕೇಳಬಾರದಿದ್ದ ಪ್ರಶ್ನೆ

ಸಿದ್ದಾಪುರದಿಂದ ನಿಲ್ಕುಂದದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಬಸ್ ತಂಗುದಾಣವಿದೆ. ಅಲ್ಲಿ ಬಸ್ಸು ನಿಲ್ಲುವುದಿಲ್ಲ. ಕಟ್ಟಿಸಿದವರು ಒಂದು ಜಾಗ ನೋಡಿದರು, ಡ್ರೈವರುಗಳು ಇನ್ನೊಂದು ಜಾಗ ನೋಡಿಕೊಂಡರು. ಬಸ್ಸು ಸ್ವಲ್ಪ ಮುಂದೆ ಹಲಸಿನ ಮರದ ಬುಡದಲ್ಲಿ ನಿಲ್ಲುತ್ತದೆ. ಹೀಗಾಗಿ ತಂಗುದಾಣವು ಊರಿನ ಗಂಡಸರಿಗೆ ಸಂಜೆ ಕೂತು ಮಾತಾಡುವುದಕ್ಕೆ ಸಿಕ್ಕಿಬಿಟ್ಟಿತು. ಸರ್ಕಾರದ ದುಡ್ಡು ಇಷ್ಟು ಚೆನ್ನಾಗಿ ಬಳಕೆಯಾದದ್ದು ಆ ಭಾಗದಲ್ಲಿ ಬೇರೆ ಇಲ್ಲ.

ಅಲ್ಲಿ ದಿನವೂ ಕೂರುತ್ತಿದ್ದವರು ನಾಲ್ವರು. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಸುಭಾಷ, ಗದ್ದೆ-ಶುಂಠಿ ನೋಡಿಕೊಂಡಿದ್ದ ಕೆರಿಯಪ್ಪ, ಹಾಲಿನ ಡೈರಿಯ ಮಾಸ್ತಿ, ಆಮೇಲೆ ಗನಿ. ಗನಿ ಆ ರಸ್ತೆಯಲ್ಲಿ ಪ್ಯಾಸೆಂಜರ್ ಟೆಂಪೊ ಓಡಿಸುತ್ತಿದ್ದ. ಅವನಿಗೆ ಮಾತಾಡಲು ವಿಷಯ ಬೇಕೆಂದೇ ಇರಲಿಲ್ಲ. ಟೆಂಪೊ ಪಂಕ್ಚರ್ ಆಯಿತು ಎಂದು ಶುರುಮಾಡಿದರೆ ಅದರೊಳಗೆ ಇಬ್ಬರು ಬೀಗರ ಜಗಳ, ಮುಹೂರ್ತ ತಪ್ಪಿಹೋಗುವ ಗಾಬರಿ, ಸೀಟಿನ ಕೆಳಗಿಂದ ತಪ್ಪಿಸಿಕೊಂಡ ಒಂದು ಕೋಳಿ ಎಲ್ಲ ಬಂದು, ಮುಗಿಯುವ ಹೊತ್ತಿಗೆ ನಾಲ್ವರ ಮನೆಯಿಂದಲೂ ಊಟಕ್ಕೆ ಕರೆ ಬಂದಿರುತ್ತಿತ್ತು. ಉಳಿದ ಮೂವರ ಕೆಲಸ ನಡುನಡುವೆ ‘ಹೌದನಾ’ ಅನ್ನುವುದು, ನಗುವುದು ಅಷ್ಟೇ. ತಾವೂ ಒಳ್ಳೆಯ ಮಾತುಗಾರರು ಎಂದು ಮೂವರೂ ತಿಳಿದುಕೊಂಡಿದ್ದರು.

ಅದು ಸುಳ್ಳೆಂದು ತಿಳಿದದ್ದು ಗನಿ ಊರು ಬಿಟ್ಟ ಮೇಲೆ. ಯಲ್ಲಾಪುರದಲ್ಲಿ ಟಯರ್ ಅಂಗಡಿ ಇಟ್ಟಿದ್ದ ಅವನ ಅಣ್ಣ ತೀರಿಕೊಂಡಾಗ, ಅಂಗಡಿ ನಡೆಸಲು ಗನಿ ಹೆಂಡತಿ ಬಿಸ್ಮಿಲ್ಲಾ ಬಿಯನ್ನು ಕರೆದುಕೊಂಡು ಅಲ್ಲಿಗೆ ಹೋದ. ಯಲ್ಲಾಪುರವೇನು ಪರದೇಶವಲ್ಲ. ಶಿರಸಿಗೆ ಹೋಗಿ ಇನ್ನೊಂದು ಬಸ್ಸು ಹತ್ತಿದರೆ ಆಯಿತು. ಯಾವಾಗ ಬೇಕಾದರೂ ಹೋಗಬಹುದಾದ್ದರಿಂದ ಯಾರೂ ಹೋಗಲಿಲ್ಲ. ವರ್ಷಗಳು ಕಳೆದವು. ತಂಗುದಾಣದಲ್ಲಿ ಮೂವರು ಕೂತು ರಸ್ತೆ ನೋಡುತ್ತಿದ್ದರು. ಒಬ್ಬ ‘ಸೆಕೆ’ ಅನ್ನುತ್ತಿದ್ದ. ಇನ್ನೊಬ್ಬ ‘ಹೂಂ’ ಅನ್ನುತ್ತಿದ್ದ. ಮೂರನೆಯವನಿಗೆ ಹೇಳಲು ಏನೂ ಉಳಿಯದೆ ಎದ್ದು ಮನೆಗೆ ಹೋಗುತ್ತಿದ್ದ.

ಇದು ಹೆಚ್ಚು ಕಾಡಿದ್ದು ಸುಭಾಷನನ್ನು. ಕೆಲಸದಲ್ಲಿದ್ದಾಗ ಅವನು ಜನರೊಂದಿಗೆ ಮಾತು ಶುರುಮಾಡುತ್ತಿದ್ದದ್ದು ‘ಪಹಣಿ ತಂದಿದ್ಯಾ’ ಎಂದು, ಮುಗಿಸುತ್ತಿದ್ದದ್ದು ‘ಇಲ್ಲೊಂದು ಸಹಿ’ ಎಂದು. ನಿವೃತ್ತಿಯಾದ ಮೇಲೆ ಅದೂ ಇಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದರೆ ಗನಿಯ ದನಿ ಕೇಳಿದಂತಾಗುತ್ತಿತ್ತು. ಫೋನ್ ಮಾಡೋಣವೆಂದು ಕೈಗೆತ್ತಿಕೊಂಡರೆ, ಮಾಡಿ ಏನು ಹೇಳುವುದು ಎಂದು ಹೊಳೆಯದೆ ಕೆಳಗಿಡುತ್ತಿದ್ದ. ಅಂತಹ ಒಂದು ಮಧ್ಯಾಹ್ನ ಅವನ ಮೊಬೈಲಿನಲ್ಲಿ ತಾನಾಗಿಯೇ ಒಂದು ವಿಡಿಯೊ ಬಂತು. ಕನ್ನಡಕ ಹಾಕಿಕೊಂಡ ಒಬ್ಬಳು ಹೆಂಗಸು ಬಹಳ ಮುದ್ದಾಗಿ, ಗೆಳೆಯರೊಂದಿಗೆ ಮಾತು ಸಪ್ಪೆಯಾಗಿದ್ದರೆ ಅದು ಗೆಳೆಯರ ತಪ್ಪಲ್ಲ, ನೀವು ಸರಿಯಾದ ಪ್ರಶ್ನೆ ಕೇಳುತ್ತಿಲ್ಲ ಎಂದಳು. ಸುಭಾಷ ಎದ್ದು ಕೂತ. ಯಾರೋ ಅವನ ಮನೆಯ ಬಾಗಿಲಲ್ಲೇ ನಿಂತು ಹೇಳಿದಂತಿತ್ತು. ಅವಳು ಹೇಳಿಕೊಟ್ಟ ಪ್ರಶ್ನೆಗಳನ್ನು ಅವನು ಮಗ್ಗಿಯಂತೆ ಬಾಯಿಪಾಠ ಮಾಡಿದ.

ಮೊದಲ ಪ್ರಯೋಗ ಹೆಂಡತಿ ಮಮತಾಳ ಮೇಲೆ ನಡೆಯಿತು. ನಿನ್ನ ಪ್ರಕಾರ ಅತ್ಯಂತ ಸುಖದ ದಿನ ಹೇಗಿರಬೇಕು ಎಂದು ಕೇಳಿದ. ಮಮತಾ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, ನೀವು ಆಫೀಸಿಗೆ ಹೋಗ್ತಿದ್ರಲ್ಲ, ಆ ದಿನಗಳ ಹಾಗೆ ಇರಬೇಕು ಎಂದಳು. ಪ್ರಶ್ನೆ ಕೆಲಸ ಮಾಡುತ್ತದೆ ಎಂಬುದು ಖಚಿತವಾಯಿತು.

ಎರಡನೆಯದು ಮಾಸ್ತಿಗೆ. ಮುಂದಿನ ಜನ್ಮದಲ್ಲಿ ಯಾವ ಪ್ರಾಣಿಯಾಗಲು ಇಷ್ಟ ಎಂಬುದು ಮೂಲ ಪ್ರಶ್ನೆ. ನಾಚಿಕೆಯಾಗಿ ಸುಭಾಷ ಜನ್ಮದ ಮಾತು ಬಿಟ್ಟು, ನಿಂಗೆ ಯಾವ ಪ್ರಾಣಿ ಇಷ್ಟ ಎಂದಷ್ಟೇ ಕೇಳಿದ. ಡೈರಿಯ ಮಾಸ್ತಿ ಗಂಭೀರನಾಗಿ ಯೋಚಿಸಿದ. “ಜರ್ಸಿ ಬೇಡ ಮಾರಾಯ. ಎಮ್ಮೆಯಾದ್ರೆ ಅಡ್ಡಿಲ್ಲೆ. ಅರ್ಜಿ ಕೊಡೂಕೆ ಕೊನೇ ದಿನ ಯಾವತ್ತು?” ಎಂದ. ಸೊಸೈಟಿಯಲ್ಲಿ ಯಾವ ಸಬ್ಸಿಡಿಯೂ ಬಂದಿಲ್ಲವೆಂದು ಅವನನ್ನು ನಂಬಿಸಲು ಸುಭಾಷನಿಗೆ ಆ ಸಂಜೆ ಪೂರ್ತಿ ಬೇಕಾಯಿತು. ಆದರೂ ಬಹಳ ದಿನಗಳ ಮೇಲೆ ಒಂದು ಸಂಜೆ ಮಾತಿನಲ್ಲಿ ಕಳೆದಿತ್ತು. ಅವನಿಗೆ ಹುರುಪು ಬಂತು.

ಈ ನಡುವೆ ಕೆರಿಯಪ್ಪನಿಗೆ ಹೊಟ್ಟೆಯುರಿ. ಶಿರಸಿಯ ಒಬ್ಬ ಡಾಕ್ಟರರಿಗೆ ತೋರಿಸಲು ಸುಭಾಷನೇ ಜೊತೆಗೆ ಹೋದ. ಡಾಕ್ಟರರು ಒತ್ತಿ ನೋಡಿ, ಬರೀ ಗ್ಯಾಸ್ಟ್ರಿಕ್, ಎಲೆಯಡಿಕೆಯ ಕವಳ ಕಡಿಮೆ ಮಾಡಿ ಎಂದು ಮಾತ್ರೆ ಬರೆದುಕೊಟ್ಟರು. ಇಬ್ಬರೂ ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಡಾಕ್ಟರರು ಸುಭಾಷನನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನೀವು ನಿಲ್ಕುಂದದ ಕಡೆಯವರಂತೆ, ತುಡುವೆ ಜೇನುತುಪ್ಪ ಅಪ್ಪಟವಾದದ್ದು ಸಿಗಬಹುದೇ ಎಂದು ಕೇಳಿದರು. ಹೋದ ವರ್ಷ ಸುದ್ದಿ ಹೊರಬಿದ್ದು ಅರ್ಧ ಆಸ್ಪತ್ರೆ ಪಾಲು ಕೇಳಿತ್ತಂತೆ. ಹಾಗಾಗಿ ಇದು ನಮ್ಮಿಬ್ಬರಲ್ಲೇ ಇರಲಿ ಎಂದರು.

ಕೆರಿಯಪ್ಪನ ಮನೆಯ ಹಿಂದೆಯೇ ಜೇನುಪೆಟ್ಟಿಗೆಗಳಿದ್ದವು. ಸುಭಾಷ ಅಲ್ಲೇ ಅವನಿಗೆ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಒಬ್ಬ ಡಾಕ್ಟರು ಬಾಗಿಲು ಹಾಕಿಕೊಂಡು ಗುಟ್ಟು ಹೇಳಿದ್ದು ಅವನ ಜೀವನದಲ್ಲಿ ಇದೇ ಮೊದಲು. ಅದನ್ನು ನಾಲ್ಕು ದಿನವಾದರೂ ಇಟ್ಟುಕೊಳ್ಳಬೇಕು ಅನ್ನಿಸಿತು. ಬಸ್ಸಿನಲ್ಲಿ ಕೆರಿಯಪ್ಪ, ಡಾಕ್ಟ್ರು ಕರೆದಿದ್ದು ಯಾಕೆ ಎಂದು ಕೇಳಿದ. ಸುಭಾಷ ಕಿಟಕಿಯ ಹೊರಗೆ ನೋಡುತ್ತ, ಹೊತ್ತು ಬಂದಾಗ ಹೇಳ್ತೆ ಎಂದ.

ಮರುದಿನ ಸಂಜೆ ತಂಗುದಾಣದಲ್ಲಿ ಅವರಿಬ್ಬರೇ. ಮಾತಿಲ್ಲ. ಸುಭಾಷನಿಗೆ ವಿಡಿಯೊದ ಹೆಂಗಸು ಎಲ್ಲಕ್ಕಿಂತ ಪರಿಣಾಮಕಾರಿ ಎಂದು ಹೇಳಿದ್ದ ಪ್ರಶ್ನೆ ನೆನಪಾಯಿತು. ಕೇಳುವಾಗ ಗೆಳೆಯನ ಕಣ್ಣನ್ನು ನೇರವಾಗಿ ನೋಡಬೇಕು, ಆತ್ಮೀಯವಾಗಿ ಭುಜ ಮುಟ್ಟಬೇಕು ಎಂದೂ ಅವಳು ಹೇಳಿದ್ದಳು. ಸುಭಾಷ ಎರಡನ್ನೂ ಮಾಡಿದ.

“ಕೆರಿಯಪ್ಪ, ನಿಂಗೆ ಇನ್ನು ಸ್ವಲ್ಪೇ ದಿನ ಇರೂದು ಅಂತಾದ್ರೆ ಎಂತ ಮಾಡ್ತ್ಯ?”

ಕೆರಿಯಪ್ಪ ಅವನ ಮುಖವನ್ನೇ ನೋಡಿದ. ಬಾಯಲ್ಲಿದ್ದ ಕವಳವನ್ನು ಉಗುಳಿ, ಟವೆಲು ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದ. ಪ್ರಶ್ನೆ ಅವನನ್ನು ಆಳವಾದ ಯೋಚನೆಗೆ ಹಚ್ಚಿದೆ ಎಂದು ಸುಭಾಷ ಸಂತೋಷಪಟ್ಟ. ಅದಂತೂ ನಿಜವೇ ಆಗಿತ್ತು.

ಬೆಳಿಗ್ಗೆ ಡೈರಿಗೆ ಹಾಲು ತಂದ ಕೆರಿಯಪ್ಪನ ಹೆಂಡತಿ ಗಂಗೆಯ ಕಣ್ಣು ಊದಿತ್ತು. ಮಾಸ್ತಿ ವಿಚಾರಿಸಿದ. ಯಾರಿಗೂ ಹೇಳಬೇಡಿ ಎಂದು ಅವಳು ಹೇಳಿದ್ದನ್ನು ಮಾಸ್ತಿ ಅಕ್ಷರಶಃ ಪಾಲಿಸಿದ. ಹಾಲು ಹಾಕಲು ಬಂದ ಪ್ರತಿಯೊಬ್ಬರಿಗೂ ವಿಷಯ ತಿಳಿಸಿ, ಪ್ರತಿಯೊಬ್ಬರಿಗೂ ಯಾರಿಗೂ ಹೇಳಬೇಡಿ ಎಂದ.

ಅದೇ ಮಧ್ಯಾಹ್ನ ಗಂಗೆ ಸುಭಾಷನ ಮನೆಗೆ ಬಂದಳು. ಜಗುಲಿಯ ತುದಿಯಲ್ಲಿ ಕೂತು, ಡಾಕ್ಟ್ರು ನಿಮ್ಮನ್ನ ಒಳಗೆ ಕರೆದು ಎಂತ ಹೇಳಿದ್ರು ಸುಭಾಷಣ್ಣ ಎಂದು ಕೇಳಿದಳು. ಸುಭಾಷನಿಗೆ ಕಸಿವಿಸಿಯಾಯಿತು. ಜೇನುತುಪ್ಪದ ಗುಟ್ಟು ಇವಳಿಗೆ ಹೇಗೆ ತಿಳಿಯಿತು? ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ ಎಂದುಕೊಂಡ.

“ಯಾರಿಗೂ ಹೇಳಬೇಡಿ ಅಂದಿದ್ರು ಗಂಗೆ. ನಿಂಗೆ ಗೊತ್ತಾತಾ?”

“ಗೊತ್ತಾತು. ಇನ್ನೆಷ್ಟು ದಿನ ಅಂತ ಹೇಳಿ.”

ಜೇನು ಕೀಳುವ ಕಾಲವನ್ನು ಸುಭಾಷ ಮನಸ್ಸಿನಲ್ಲೇ ಲೆಕ್ಕ ಹಾಕಿದ. “ಮಳೆ ಹಿಡಿಯೂವರೆಗೆ ಅಡ್ಡಿಲ್ಲೆ. ಅದರ ಮೇಲೆ ಆಸೆ ಇಟ್ಕೊಳ್ಳೂದು ಬೇಡ.”

ಗಂಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ಹುಬ್ಬಳ್ಳಿಗೆ ಹೋದರೆ ಏನಾದರೂ ಆಗಬಹುದಾ ಎಂದಳು. ಸುಭಾಷ ತಲೆ ಅಲ್ಲಾಡಿಸಿದ. ಅಲ್ಲಿಯದ್ದೆಲ್ಲ ಬೆರಕೆ, ದುಡ್ಡು ದಂಡ, ಡಾಕ್ಟ್ರಿಗೂ ಅದರಲ್ಲಿ ನಂಬಿಕೆ ಇಲ್ಲ ಎಂದ. ಮನೆಯ ಜೇನುತುಪ್ಪವನ್ನು ಕೊಡುವುದಕ್ಕೆ ಇವಳು ಇಷ್ಟು ದುಃಖಪಡುತ್ತಾಳೆಂದು ಅವನು ಎಣಿಸಿರಲಿಲ್ಲ. ಸಮಾಧಾನ ಹೇಳಬೇಕೆನಿಸಿತು.

“ಅಳೂದೆಂತಕ್ಕೆ? ಇದು ಹೋದ್ರೆ ಮುಂದಿನ ವರ್ಷ ಬೇರೇದು ತಾನಾಗೇ ಬಂದು ಕೂತ್ಕೊಳ್ತದೆ.”

ಗಂಗೆ ಅಳುವುದನ್ನು ನಿಲ್ಲಿಸಿ ಅವನನ್ನು ನೋಡಿದ ನೋಟ ಎಂಥದ್ದೆಂದು ವರ್ಣಿಸುವುದು ಕಷ್ಟ. ಅವಳು ಎದ್ದು ಹೊರಟೇಬಿಟ್ಟಳು. ಒಳಗಿಂದ ಕೇಳಿಸಿಕೊಂಡಿದ್ದ ಮಮತಾ ಅವಳ ಹಿಂದೆಯೇ ಓಡಿದಳು. ಸಂಜೆ ತಿರುಗಿ ಬಂದವಳು ಗಂಡನಿಗೆ ಊಟ ಬಡಿಸಿ, ಇಂಥ ಕಲ್ಲು ಹೃದಯದ ಮನುಷ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆನಲ್ಲ ಎಂದು ಗೋಡೆಗೆ ಹೇಳಿದಳು. ಆಮೇಲೆ ಮಾತಾಡಲಿಲ್ಲ. ಮರುದಿನ ಸುಭಾಷ ಪಿಂಚಣಿಯ ಕೆಲಸಕ್ಕೆ ಶಿರಸಿಗೆ ಹೋದ. ಅಕ್ಕನ ಮನೆಯಲ್ಲಿ ಉಳಿದು, ಅದರ ಮರುದಿನ ಬಂದ. ಊರಿನಲ್ಲಿ ಏನಾಗುತ್ತಿದೆ ಎಂಬುದು ಊರಿಗೆಲ್ಲ ಗೊತ್ತಿದ್ದು ಅವನೊಬ್ಬನಿಗೆ ಗೊತ್ತಿಲ್ಲದಂತಾಗಿದ್ದು ಹೀಗೆ.

ಆಗಿದ್ದೇನು ಕಡಿಮೆಯಲ್ಲ. ಬೇಲಿಯ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದ ಕೆರಿಯಪ್ಪನ ತಮ್ಮ ಬೀರ, ಬನವಾಸಿಯಿಂದ ಅನಾನಸು ತರಿಸಿ ಹೊತ್ತುಕೊಂಡು ಬಂದು, ಬೇಲಿಯನ್ನು ನೀನೆಲ್ಲಿ ಹೇಳಿದರೆ ಅಲ್ಲಿಗೆ ಸರಿಸುತ್ತೇನೆ ಎಂದ. ಕೆರಿಯಪ್ಪ, ಬೇಲಿ ತಕ್ಕೊಂಡು ನಾನೆಂತ ಮಾಡ್ಲಿ ಎಂದು ಕಣ್ಣೊರೆಸಿಕೊಂಡ. ಇಬ್ಬರೂ ಬೇಲಿಯನ್ನು ನೀನಿಟ್ಟುಕೋ ನೀನಿಟ್ಟುಕೋ ಎಂದು ಮತ್ತೆ ಜಗಳವಾಡುವ ಹಂತಕ್ಕೆ ಬಂದರು. ಕೆರಿಯಪ್ಪನ ಮನೆಯ ನೀರಿನ ಪೈಪಿನ ಅರ್ಜಿಯನ್ನು ಎರಡು ಬೇಸಿಗೆ ಪರಿಶೀಲಿಸುತ್ತಿದ್ದ ಪಂಚಾಯ್ತಿಯವರು, ಸುದ್ದಿ ತಿಳಿದ ದಿನವೇ ಪೈಪು ತಂದು ಜೋಡಿಸಿದರು. ಅವನಿಗೆ ಬೇಗ ಸಿಗಲಿ ಎಂದು ಅಧಿಕಾರಿಯೇ ಮುಂದೆ ನಿಂತಿದ್ದರಂತೆ. ಇಷ್ಟು ದಿನ ಬದುಕಿದ್ದು ವ್ಯರ್ಥವಾಯಿತಲ್ಲ ಎಂದು ಕೆರಿಯಪ್ಪನಿಗೆ ಅನ್ನಿಸಿದ್ದರೆ ತಪ್ಪಲ್ಲ.

ಸುಭಾಷ ಶಿರಸಿಯಿಂದ ಬಂದು ಬಸ್ಸಿಳಿದಾಗ ಕೆರಿಯಪ್ಪನ ಅಂಗಳದಲ್ಲಿ ಜನ ಕಂಡರು. ಮದುವೆಯ ವಯಸ್ಸಿಗೆ ಬಂದ ಮಕ್ಕಳು ಯಾರೂ ಆ ಮನೆಯಲ್ಲಿಲ್ಲವಲ್ಲ ಎಂದುಕೊಂಡು ಹತ್ತಿರ ಹೋದ. ಕೆರಿಯಪ್ಪ ಆ ಸೆಕೆಯಲ್ಲಿ ಶಾಲು ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಮಾಸ್ತಿ ಪಕ್ಕದಲ್ಲಿ ಬೀಸಣಿಗೆ ಹಿಡಿದಿದ್ದ. ಸುಭಾಷನನ್ನು ಕಂಡು ಜನ ದಾರಿ ಬಿಟ್ಟರು. ಏನಾಯಿತು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ಗೂಡ್ಸ್ ರಿಕ್ಷಾ ಬಂದು ನಿಂತಿತು. ಅದರಿಂದ ಗನಿ ಇಳಿದ.

ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹೊಟ್ಟೆ ಬಂದಿತ್ತು. ಸುಭಾಷ ಹೇಳಬೇಕೆಂದುಕೊಂಡದ್ದು ವರ್ಷಗಳಷ್ಟಿತ್ತು, ಬಾಯಲ್ಲಿ ಬಂದದ್ದು ‘ಬಂದ್ಯಾ’ ಎಂದು ಮಾತ್ರ. ಗನಿ ಅವನ ಕೈಯನ್ನು ಒಮ್ಮೆ ಒತ್ತಿ, ನೇರ ಹೋಗಿ ಕೆರಿಯಪ್ಪನ ಕಾಲ ಬಳಿ ಅಂಗಳದಲ್ಲೇ ಕೂತ. ಹೆಂಗಸರು ಮೂಗೆಳೆದುಕೊಂಡರು. ಆಗ ಗನಿ ಗಂಟಲು ಸರಿಮಾಡಿಕೊಂಡು, ಬರುವಾಗ ಸೋಂದಾ ತಿರುವಿನಲ್ಲಿ ಒಂದು ಹಸು ರಸ್ತೆಗೆ ಅಡ್ಡ ಮಲಗಿತ್ತು ಎಂದು ಶುರುಮಾಡಿದ.

ಆ ಹಸುವನ್ನು ಎಬ್ಬಿಸಲು ಇಳಿದವರು, ಎಬ್ಬಿಸಬಾರದೆಂದು ಇಳಿದವರು, ಹಸು ತಮ್ಮದೆಂದು ಹೇಳಿ ಪರಿಹಾರ ಕೇಳಿದವರು, ಕೊನೆಗೆ ಹಸುವಿನ ನಿಜವಾದ ಒಡತಿ ಬಂದಾಗ ಎಲ್ಲರೂ ಓಡಿದ್ದು, ಓಡುವಾಗ ಒಬ್ಬನ ಪಂಚೆ ಹಸುವಿನ ಕೊಂಬಿನಲ್ಲಿ ಉಳಿದದ್ದು, ಇವೆಲ್ಲ ಹೇಳುತ್ತ ಹೋದಂತೆ ಮೊದಲು ಕೆರಿಯಪ್ಪ ನಕ್ಕ. ಅವನೇ ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ಅಂಗಳದ ತುಂಬ ನಗು. ಮಾಸ್ತಿ ‘ಹೌದನಾ’ ಎಂದ. ಸುಭಾಷನೂ ‘ಹೌದನಾ’ ಎಂದ. ಯಾಕೆ ಎಲ್ಲರೂ ಸೇರಿದ್ದಾರೆ ಎಂಬುದನ್ನು ಕೇಳಬೇಕೆಂಬುದೇ ಅವನಿಗೆ ಮರೆತುಹೋಯಿತು. ಇಷ್ಟು ವರ್ಷ ತನಗೆ ಬೇಕಾಗಿದ್ದದ್ದು ಇದೇ, ಇಷ್ಟೇ ಎಂದು ಅನ್ನಿಸುತ್ತಿತ್ತು.

ಚಹಾದ ಹೊತ್ತಿಗೆ ಗನಿ ಅವನನ್ನು ಪಕ್ಕಕ್ಕೆ ಕರೆದು ತಬ್ಬಿಕೊಂಡ. ಇಷ್ಟು ದೊಡ್ಡ ವಿಷಯವನ್ನು ಒಬ್ಬನೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀಯಲ್ಲ, ಡಾಕ್ಟರು ಮಳೆಗಾಲದವರೆಗೆ ಎಂದದ್ದು ಖರೆಯಾ ಎಂದು ಕೇಳಿದ.

ಸುಭಾಷನಿಗೆ ಆಗ ತಿಳಿಯಿತು. ಪ್ರಶ್ನೆ, ಕವಳ ಉಗುಳಿದ್ದು, ಗಂಗೆ, ಶಾಲು, ಎಲ್ಲವೂ ಒಂದರ ಹಿಂದೊಂದು ಬಂದು ನಿಂತವು. ಈಗಲೇ ಹೇಳಬೇಕು ಎಂದು ತಿರುಗಿದ. ತಿರುಗಿದವನಿಗೆ ಕಂಡದ್ದು ಗನಿಗಾಗಿ ಜಾಗ ಬಿಟ್ಟು ಕಾಯುತ್ತಿದ್ದ ಅಂಗಳ. ಹೇಳಿದರೆ ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ. ಗನಿ ಯಲ್ಲಾಪುರಕ್ಕೆ ಹೋಗುತ್ತಾನೆ. ಇನ್ನೊಂದು ಕಥೆಯಾಗಲಿ, ಆಮೇಲೆ ಹೇಳೋಣ ಎಂದುಕೊಂಡ. ಒಂದಾಯಿತು. ಇನ್ನೊಂದೂ ಆಯಿತು. ಅವನು ನಗಲು ಹೋದರೆ ನಗು ಬರುತ್ತಿರಲಿಲ್ಲ. ಪಾಪ, ಗೆಳೆಯನ ಸಂಕಟ ತಡೆಯಲಾಗುತ್ತಿಲ್ಲ ಎಂದು ಜನ ಅವನ ಬೆನ್ನು ಸವರಿದರು.

ಬಿಸಿಲು ಇಳಿದಾಗ ಕೆರಿಯಪ್ಪ ಅವನನ್ನು ಸನ್ನೆ ಮಾಡಿ ಹತ್ತಿರ ಕರೆದ. ಗನಿ, ಮಾಸ್ತಿ ಅಲ್ಲೇ ಇದ್ದರು.

“ನೀ ಕೇಳಿದ್ಯಲ್ಲ, ಎಂತ ಮಾಡ್ತ್ಯ ಅಂತ. ಮೂರು ದಿನದಿಂದ ಅದನ್ನೇ ಯೋಚನೆ ಮಾಡಿದೆ. ಕಾಶಿ-ಗೀಶಿ ಎಂತದೂ ಬೇಡ ಅನ್ನಿಸ್ತು ಮಾರಾಯ. ನಾವು ನಾಲ್ಕೂ ಜನ ಒಂದು ಸಲ ಕೂತ್ಕಂಡು ಮಾತಾಡಿದ್ರೆ ಸಾಕು ಅನ್ನಿಸ್ತು. ಅದಕ್ಕೇ ಬೀರನ ಕೈಲಿ ಗನಿಗೆ ಫೋನ್ ಮಾಡಿಸ್ದೆ.”

ಸುಭಾಷ ಅವನ ಕುರ್ಚಿಯ ಕೈ ಹಿಡಿದು ಕೂತುಬಿಟ್ಟ. “ನಿಂಗೆ ಎಂತದೂ ಆಗಲಿಲ್ಲ ಕೆರಿಯಪ್ಪ. ಡಾಕ್ಟ್ರು ನನ್ನ ಕರೆದಿದ್ದು ಜೇನುತುಪ್ಪಕ್ಕೆ.”

ಸುಭಾಷ ಎಲ್ಲವನ್ನೂ ಹೇಳಿದ: ಡಾಕ್ಟರರು, ಅವರ ಗುಟ್ಟು, ವಿಡಿಯೊದ ಹೆಂಗಸು, ಭುಜ ಮುಟ್ಟಬೇಕೆಂದದ್ದು, ಮಳೆ ಹಿಡಿಯುವವರೆಗೆ ಎಂದದ್ದು ಜೇನಿನ ವಿಷಯ, ಮುಂದಿನ ವರ್ಷ ಬೇರೆಯದು ಬಂದು ಕೂರುತ್ತದೆ ಎಂದದ್ದೂ ಜೇನಿನ ವಿಷಯ. ಕೊನೆಯದನ್ನು ಕೇಳಿ ಗಂಗೆ ಮೆಟ್ಟಿಲ ಮೇಲೆ ಕುಸಿದು ಕೂತು, ಅಳುವೋ ನಗುವೋ ತಿಳಿಯದಂತೆ ಮುಖ ಮುಚ್ಚಿಕೊಂಡಳು. ಮಾಸ್ತಿ, ತಾನು ಯಾರಿಗೂ ಹೇಳಿಲ್ಲ ಎಂದು ಯಾರೂ ಕೇಳದಿದ್ದರೂ ಹೇಳಿದ. ಬೀರ ಬೇಲಿಯ ಕಡೆಗೆ ಒಮ್ಮೆ ನೋಡಿ, ಆಡಿದ್ದು ಆಡಿಯಾಯಿತು ಎಂದ. ಜನ ಒಬ್ಬೊಬ್ಬರಾಗಿ ಎದ್ದರು. ಕೆಲವರಿಗೆ ಸ್ವಲ್ಪ ನಿರಾಸೆಯಾಗಿದ್ದೂ ಕಾಣುತ್ತಿತ್ತು.

ಕೆರಿಯಪ್ಪ ಶಾಲು ತೆಗೆದು ಮಡಚಿದ. “ಮೂರು ದಿನ,” ಎಂದ. “ಮೂರು ದಿನ ನಾನು ಗಂಗೆ ಮುಖ ನೋಡ್ತಾ ಕೂತಿದ್ದೆ. ನೀ ಮನೆಗೆ ಹೋಗು ಸುಭಾಷ.”

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದಕ್ಕೇ ಸುಭಾಷನಿಗೆ ನಿಲ್ಲಲಾಗಲಿಲ್ಲ. ಗನಿ ತಾನೇ ಬಿಟ್ಟುಬರುತ್ತೇನೆಂದು ಅವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡ. ಮನೆ ಹತ್ತಿರವೇ ಇದ್ದರೂ ನಿಧಾನವಾಗಿ ಓಡಿಸಿದ. ದಾರಿಯಲ್ಲಿ, ಇಷ್ಟು ವರ್ಷದಲ್ಲಿ ಒಂದು ಫೋನೂ ಮಾಡಲಿಲ್ಲವಲ್ಲ ಎಂದು ಕೇಳಿದ. ಸುಭಾಷ, ಮಾಡಿ ಮಾತಾಡುವುದಕ್ಕೆ ವಿಷಯವೇ ಇರಲಿಲ್ಲ ಎಂದ.

ಗನಿ ರಿಕ್ಷಾವನ್ನು ಇನ್ನೂ ನಿಧಾನ ಮಾಡಿದ. “ನಾನು ಅಲ್ಲಿ ದಿನಾ ಟಯರ್ ಬಿಚ್ಚೂದು, ಹಾಕೂದು. ಗಿರಾಕಿ ಹತ್ರ ಗಾಳಿ ಎಷ್ಟು ಅಂತ ಕೇಳೂದು. ಅಷ್ಟೇ ಮಾತು. ಆ ಹಸುವಿನ ಕಥೆ ಹೇಳಿದ್ನಲ್ಲ, ಅಂಥದೊಂದು ಹೇಳಿ ಎಷ್ಟು ದಿನ ಆಗಿತ್ತು ಗೊತ್ತಾ ನಿಂಗೆ? ಕೇಳೂಕೆ ನೀವಿಲ್ದೆ ಯಾರಿಗೆ ಹೇಳ್ಲಿ?”

ಅಷ್ಟು ಹೇಳಿ ಅವನನ್ನು ಇಳಿಸಿ, ಕತ್ತಲಾಗುವ ಮೊದಲು ಶಿರಸಿ ದಾಟಬೇಕೆಂದು ಹೊರಟುಹೋದ. ಗನಿಗೂ ಮಾತು ಖಾಲಿಯಾಗಿರಬಹುದೆಂದು ಸುಭಾಷ ಎಂದೂ ಎಣಿಸಿರಲಿಲ್ಲ. ರಿಕ್ಷಾದ ಸದ್ದು ಅಡಗುವವರೆಗೂ ಗೇಟಿನಲ್ಲಿ ನಿಂತಿದ್ದ.

ಕೆರಿಯಪ್ಪ ಒಂದು ವಾರ ಹೊರಗೆ ಕಾಣಿಸಿಕೊಳ್ಳಲಿಲ್ಲ. ಆಮೇಲೆ ಒಂದು ಸಂಜೆ ಬಂದು ತಂಗುದಾಣದ ಆ ತುದಿಯಲ್ಲಿ ಕೂತು, ರಸ್ತೆ ನೋಡುತ್ತಲೇ ಸುಭಾಷನನ್ನು ಬೈಯಲು ಶುರುಮಾಡಿದ. ಗುಮಾಸ್ತನ ಬುದ್ಧಿಯಿಂದ ಹಿಡಿದು ಡಾಕ್ಟರರ ಬಾಗಿಲಿನವರೆಗೆ ಒಂದನ್ನೂ ಬಿಡಲಿಲ್ಲ. ಮಾಸ್ತಿ ಮಧ್ಯೆ ಮಧ್ಯೆ ನೆನಪು ಮಾಡಿಕೊಟ್ಟ. ದಾರಿಯಲ್ಲಿ ಹೋಗುವವರು ನಿಂತು ಕೇಳಿದರು. ಇಂಥ ಬೈಗುಳ ಗನಿಗೆ ತಪ್ಪಿಹೋಗುತ್ತಿದೆಯಲ್ಲ ಎಂದು ಸುಭಾಷನಿಗೆ ತಡೆಯಲಾಗಲಿಲ್ಲ. ಫೋನ್ ಮಾಡಿದ. ಗನಿ ಹಲೋ ಎಂದಾಗ ಏನೂ ಹೇಳದೆ ಫೋನನ್ನು ಕೆರಿಯಪ್ಪನ ಪಕ್ಕದಲ್ಲಿ ಸಿಮೆಂಟಿನ ಕಟ್ಟೆಯ ಮೇಲಿಟ್ಟ.

ಕೆರಿಯಪ್ಪ ಒಂದು ಕ್ಷಣ ನಿಲ್ಲಿಸಿದ. ಫೋನಿನಿಂದ ಗನಿಯ ದನಿ ಬಂತು: “ನಿಲ್ಲಿಸ್ಬೇಡ, ಹೇಳು. ಮೊದಲಿಂದ ಹೇಳು.”

ಕೆರಿಯಪ್ಪ ಮೊದಲಿನಿಂದ ಬೈದ, ಈ ಸಲ ಇನ್ನೂ ಚೆನ್ನಾಗಿ. ಅರ್ಧಕ್ಕೆ ಬಂದಾಗ ಆ ಕಡೆ ಲಾರಿಯ ಹಾರ್ನು ಕೇಳಿತು. ಗಿರಾಕಿ ಬಂದ, ಫೋನ್ ಇಡಬೇಡಿ, ಬಂದೆ ಎಂದ ಗನಿ. ಕೆರಿಯಪ್ಪ ಬಾಯಿ ಮುಚ್ಚಿದ. ಯಾರೂ ಮಾತಾಡಲಿಲ್ಲ, ಯಾರೂ ಏಳಲೂ ಇಲ್ಲ. ಯಲ್ಲಾಪುರದಲ್ಲಿ ಟಯರಿಗೆ ಗಾಳಿ ತುಂಬುತ್ತಿರುವ ಸದ್ದನ್ನು ಕೇಳುತ್ತ ಮೂವರೂ ಕಾಯುತ್ತ ಕೂತರು.